ಮೂರು ತಿಂಗಳ ಮರಿಗೆ ಯಾವ ಮೂಳೆ ಕೊಡಬಹುದು? ಕೈಲ್‌ಮುಹೂರ್ತ ಬೇರೆ ಹತ್ತಿರ ಬಂತು

ರೋಬಿ ಅಮ್ಮ (ಗೋಣಿಕೊಪ್ಪ) · ಆಗಸ್ಟ್ 23, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಲ್ಯಾಬ್ರಡಾರ್ ಮರಿ ಬಂದು ಐದು ವಾರ ಆಯಿತು. ಕಾಫಿ ಬಣ್ಣ, ಅದಕ್ಕೇ ಹೆಸರು ರೋಬಸ್ಟಾ, ಕರೆಯುವುದು ರೋಬಿ. ಈಗ ಮೂರು ತಿಂಗಳು ಒಂದು ವಾರ.

ಮಳೆ ಬಿಡುತ್ತಿಲ್ಲ. ಹೊರಗೆ ಬಿಟ್ಟರೆ ಜಿಗಣೆ. ಹಾಗಾಗಿ ಇಡೀ ದಿನ ವರಾಂಡದಲ್ಲಿ ಕೂತು ಕಡಿಯುವುದೇ ಅವನ ಕೆಲಸ. ಮಾವನ ಗಂಬೂಟಿನ ಹಿಮ್ಮಡಿ ಹೋಯಿತು, ಎರಡು ಕೊಡೆಯ ಹಿಡಿ ಹೋಯಿತು, ಬೆತ್ತದ ಕುರ್ಚಿಯ ಒಂದು ಕಾಲು ಅರ್ಧ ಹೋಗಿದೆ. ನನ್ನ ಕೈ ಅಂತೂ ಕೇಳಲೇಬೇಡಿ.

ಹೋದ ಭಾನುವಾರ ಮಾವ ಊಟ ಮಾಡುತ್ತಾ ಪಂದಿ ಕರಿಯ ಪಕ್ಕೆಲುಬು ಒಂದನ್ನು ಮೇಜಿನ ಕೆಳಗೆ ಹಾಕಿದರು. ನಾನು ಬಗ್ಗಿ ನೋಡುವಷ್ಟರಲ್ಲಿ 'ಕಟಕ್' ಅಂತ ಸದ್ದು. ಎರಡು ತುಂಡು, ಎರಡೂ ಒಳಗೆ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಅವನಿಗೆ ಏನೂ ಆಗಲಿಲ್ಲ, ಚೆನ್ನಾಗಿ ಗೊರಕೆ ಹೊಡೆದ. ಬೆಳಿಗ್ಗೆ ಮಾವ "ನೋಡಿದೆಯಾ? ನಮ್ಮ ತೋಟದ ನಾಯಿಗಳೆಲ್ಲ ಹಂದಿ ಮೂಳೆ ತಿಂದೇ ಬೆಳೆದದ್ದು" ಅಂದರು.

ಸೆಪ್ಟೆಂಬರ್ 3ಕ್ಕೆ ಕೈಲ್‌ಮುಹೂರ್ತ, ಕೊಡವರ ಆಯುಧಪೂಜೆ ಹಬ್ಬ. ಮನೆಯಲ್ಲಿ ಇಪ್ಪತ್ತು ಜನ ಸೇರುತ್ತಾರೆ. ಒಬ್ಬೊಬ್ಬರು ಒಂದೊಂದು ಮೂಳೆ ಹಾಕಿದರೂ ಇಪ್ಪತ್ತು. ಅವನಿಗೆ ಕಡಿಯೋಕೆ ಏನಾದರೂ ಬೇಕೇ ಬೇಕು, ಅದು ಗೊತ್ತು. ಯಾವುದು ಕೊಡಲಿ? ಯಾವ ಮೂಳೆ ಸರಿ, ಯಾವುದು ಬೇಡ?

---

ಹಳೇ ತೋಟಗಾರ (ಪೊನ್ನಂಪೇಟೆ) · ಆಗಸ್ಟ್ 23, ರಾತ್ರಿ 9:48

ನಿಮ್ಮ ಮಾವ ಹೇಳಿದ್ದು ಸರಿ. ನಲವತ್ತು ವರ್ಷದಿಂದ ನಾಯಿ ಸಾಕುತ್ತಿದ್ದೇನೆ. ಒಂದಕ್ಕೂ ಅಂಗಡಿಯ ಆಟದ ಸಾಮಾನು ತಂದಿಲ್ಲ. ಮೂಳೆ ತಿನ್ನದ ನಾಯಿ ನಾಯಿಯೇ ಅಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

---

ಅಮ್ಮತ್ತಿ ಹುಡುಗ · ಆಗಸ್ಟ್ 23, ರಾತ್ರಿ 10:02

ಅಕ್ಕ, ಕುರ್ಚಿ ಕಾಲು ಇನ್ನೂ ಅರ್ಧ ಉಳಿದಿದೆಯಲ್ಲ, ಅದನ್ನೇ ಮುಗಿಸಲಿ 😄 ನಮ್ಮನೆಯ ಬೀಗಲ್ ಟಿವಿ ರಿಮೋಟ್ ಮುಗಿಸಿತ್ತು.

---

ನಿವೃತ್ತ ಪಶುವೈದ್ಯ (ಕುಶಾಲನಗರ) · ಆಗಸ್ಟ್ 24, ಬೆಳಿಗ್ಗೆ 6:30

ತಾಯಿ, ನಿಮ್ಮ ನಿದ್ದೆ ಕೆಟ್ಟದ್ದರಲ್ಲಿ ಅರ್ಥವಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ಹಲ್ಲಿನ ವಿಷಯ. ಮರಿಗೆ ಇರುವುದು 28 ಹಾಲುಹಲ್ಲು. ಮೂರೂವರೆ, ನಾಲ್ಕು ತಿಂಗಳಿಗೆ ಮುಂದಿನ ಸಣ್ಣ ಹಲ್ಲು ಉದುರಲು ಶುರುವಾಗುತ್ತದೆ. ಆರೇಳು ತಿಂಗಳಿಗೆ 42 ಹೊಸ ಹಲ್ಲು ಬಂದಿರುತ್ತವೆ. ಈ ನಡುವೆ ವಸಡು ನೋಯುತ್ತದೆ, ತುರಿಸುತ್ತದೆ. ಅದಕ್ಕೇ ಗಂಬೂಟು, ಅದಕ್ಕೇ ನಿಮ್ಮ ಕೈ. ತುಂಟತನ ಅಲ್ಲ ಅದು. ಹಾಲುಹಲ್ಲು ಸೂಜಿಯ ಹಾಗೆ ಚೂಪು, ಆದರೆ ತೆಳು. ಗಟ್ಟಿ ಮೂಳೆ ಕಡಿದರೆ ಪಟ್ಟನೆ ಮುರಿಯುತ್ತದೆ. ಮುರಿದ ಹಲ್ಲಿನ ಬುಡಕ್ಕೆ ಸೋಂಕಾದರೆ ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೂ ತೊಂದರೆ.

ಇನ್ನು ಬೇಯಿಸಿದ ಮೂಳೆ. ಹಸಿ ಮೂಳೆಯಲ್ಲಿ ನೀರು, ನಾರು ಇರುತ್ತದೆ, ಒಂದಿಷ್ಟು ಬಾಗುತ್ತದೆ. ಬೇಯಿಸಿದರೆ ಆ ಬಾಗುವ ಗುಣ ಹೋಗುತ್ತದೆ. ಕಡಿದಾಗ ಒಣ ಬಿದಿರು ಸೀಳಿದ ಹಾಗೆ ಉದ್ದುದ್ದ ಸಿಬಿರಾಗಿ ಸೀಳುತ್ತದೆ. ಆ ಸಿಬಿರು ಗಂಟಲಿಗೆ, ಹೊಟ್ಟೆಗೆ, ಕರುಳಿಗೆ ಚುಚ್ಚುತ್ತದೆ. ಕೋಳಿ, ಹಂದಿ, ಕುರಿ, ಯಾವುದೇ ಆಗಲಿ, ಬೆಂದ ಮೂಳೆ ಬೇಡ. ಎಷ್ಟು ಹೊತ್ತು ಬೇಯಿಸಿದ್ದೀರಿ ಅನ್ನುವುದು ಮುಖ್ಯವಲ್ಲ.

ಪಂದಿ ಕರಿಯ ಮೂಳೆ ಇನ್ನೂ ಕೆಟ್ಟದ್ದು. ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಅರೆದು ಹಾಕಿರುತ್ತೀರಿ. ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಮೇಲಿಂದ ಖಾರ, ಉಪ್ಪು, ಕೊಬ್ಬು. ಅಷ್ಟು ಕೊಬ್ಬು ಒಮ್ಮೆಗೇ ಹೊಟ್ಟೆಗೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಹಬ್ಬದ ಮರುದಿನ ವಾಂತಿ ಮಾಡುವ ನಾಯಿಗಳನ್ನು ಸಾಲಾಗಿ ಕರೆತರುತ್ತಿದ್ದರು. ಹುತ್ತರಿ, ಕೈಲ್‌ಮುಹೂರ್ತ ಬಂತೆಂದರೆ ನಮಗೂ ಹಬ್ಬವೇ.

ಪೊನ್ನಂಪೇಟೆಯ ಹಿರಿಯರಿಗೆ ಒಂದು ಮಾತು. ಸರ್, ನಿಮ್ಮ ನಾಯಿಗಳು ಮೂಳೆ ತಿಂದು ಬದುಕಿದ್ದು ನಿಜ. ಆದರೆ ನಾವು ಲೆಕ್ಕ ಇಟ್ಟದ್ದು ಬದುಕಿದ ನಾಯಿಗಳದ್ದು ಮಾತ್ರ. ಎರಡು ದಿನ ಊಟ ಬಿಟ್ಟು ಕಾಫಿ ಗಿಡದ ಬುಡದಲ್ಲಿ ಮಲಗಿ ಸತ್ತ ನಾಯಿಗೆ ಯಾರು ಎಕ್ಸ್‌ರೇ ತೆಗೆದರು? ಹಾವು ಕಚ್ಚಿರಬೇಕು ಅಂತ ಹೂತು ಹಾಕಿದೆವು. ನಾನೂ ಹಾಗೆ ಹೇಳಿ ಕಳುಹಿಸಿದ್ದಿದೆ, ಶುರುವಿನ ವರ್ಷಗಳಲ್ಲಿ.

---

ರೋಬಿ ಅಮ್ಮ (ಗೋಣಿಕೊಪ್ಪ) · ಆಗಸ್ಟ್ 24, ಬೆಳಿಗ್ಗೆ 8:15

ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ಹಾಗಾದರೆ ಮಟನ್ನಿನ 'ನಲ್ಲಿ' ಮೂಳೆ, ಒಳಗೆ ಮಜ್ಜೆ ಇರುವ ಕಾಲುಮೂಳೆ? ಅದು ಸೀಳಲ್ಲ ಅಲ್ವಾ, ದಪ್ಪ ಇರುತ್ತದೆ. ಅಂಗಡಿಯವರು ಉಂಗುರದ ಹಾಗೆ ಕತ್ತರಿಸಿ ಕೊಡುತ್ತಾರೆ.

---

ಎರಡು ನಾಯಿ ಒಂದು ಬೆಕ್ಕು (ಸೋಮವಾರಪೇಟೆ) · ಆಗಸ್ಟ್ 24, ಬೆಳಿಗ್ಗೆ 9:05

ಅಯ್ಯೋ, ಉಂಗುರ ಮಾತ್ರ ಕೊಡಲೇಬೇಡಿ. ನನ್ನ ಕಥೆ ಕೇಳಿ.

ಎರಡು ವರ್ಷದ ಹಿಂದೆ, ಭಾನುವಾರ. ಕಾಲು ಸೂಪ್ ಮಾಡಿದ್ದೆವು. ಒಂದಿಂಚು ಉದ್ದದ ಉಂಗುರ ಒಂದನ್ನು ನಮ್ಮ ಚಿನ್ನುವಿಗೆ ಹಾಕಿದೆ. ಅವಳು ಒಳಗಿನ ಮಜ್ಜೆ ನೆಕ್ಕಲು ಕೆಳ ದವಡೆಯನ್ನೇ ಉಂಗುರದೊಳಗೆ ತೂರಿಸಿದಳು. ಅದು ಕೋರೆಹಲ್ಲು ದಾಟಿ ಹಿಂದಕ್ಕೆ ಜಾರಿ ಕೂತುಬಿಟ್ಟಿತು. ಹೋಗುವಾಗ ಸಲೀಸಾಗಿ ಹೋಗಿದೆ, ಬರುವಾಗ ಕೋರೆಹಲ್ಲು ಅಡ್ಡ. ಚಿನ್ನು ಹಿಮ್ಮುಖವಾಗಿ ಓಡುತ್ತಾ, ಎರಡೂ ಕಾಲಲ್ಲಿ ಬಾಯಿ ಕೆರೆಯುತ್ತಾ, ಗೋಡೆಗೆ ಡಿಕ್ಕಿ. ಕೊಬ್ಬರಿ ಎಣ್ಣೆ ಹಚ್ಚಿ ಎಳೆದೆವು. ಎಳೆದಷ್ಟೂ ತುಟಿ ಊದಿತು. ಅವಳು ಯಾವತ್ತೂ ಕಚ್ಚಿದವಳಲ್ಲ, ಅವತ್ತು ನಮ್ಮ ಯಜಮಾನರ ಹೆಬ್ಬೆರಳಿಗೆ ಬಾಯಿ ಹಾಕಿದಳು.

ಕೊನೆಗೆ ಡಾಕ್ಟರು ನಿದ್ದೆ ಇಂಜೆಕ್ಷನ್ ಕೊಟ್ಟು, ತುಟಿಗೆ ತಾಗದ ಹಾಗೆ ಒಳಗೆ ಚಮಚದ ಹಿಡಿ ತೂರಿಸಿ, ಸಣ್ಣ ಗರಗಸದಿಂದ ಉಂಗುರ ಕೊಯ್ದರು. ಎರಡೂ ಹೋಳು ಇನ್ನೂ ನಮ್ಮ ಶೋಕೇಸಿನಲ್ಲಿ ಇದೆ. ಬಂದವರೆಲ್ಲ ಏನಿದು ಅಂತ ಕೇಳುತ್ತಾರೆ.

---

ನಿವೃತ್ತ ಪಶುವೈದ್ಯ (ಕುಶಾಲನಗರ) · ಆಗಸ್ಟ್ 24, ಬೆಳಿಗ್ಗೆ 9:40

ಸೋಮವಾರಪೇಟೆಯವರೇ, ನೀವು ಹೇಳಿದ್ದು ನಾನೂ ಎಷ್ಟೋ ಸಲ ನೋಡಿದ್ದೇನೆ. ಮನೆಯಲ್ಲಿ ಜಗ್ಗಾಡಬಾರದು, ನೇರ ಡಾಕ್ಟರ ಹತ್ತಿರ ಹೋಗಬೇಕು.

ದಪ್ಪ ಕಾಲುಮೂಳೆಯ ಇನ್ನೊಂದು ತೊಂದರೆ ಹಲ್ಲಿಗೆ. ದೇಹದ ಭಾರ ಹೊರುವ ಮೂಳೆ ಅದು, ಹಸಿಯಾಗಿದ್ದರೂ ಹಲ್ಲು ಮುರಿಯುವಷ್ಟು ಗಟ್ಟಿ. ಮೇಲಿನ ದವಡೆಯಲ್ಲಿ ಹಿಂದುಗಡೆ ಒಂದು ದೊಡ್ಡ ಹಲ್ಲು ಇರುತ್ತದೆ, ನಾಯಿ ಮೂಳೆ ಕತ್ತರಿಸುವುದು ಅದರಲ್ಲೇ. ಅದರ ಹೊರಮೈ ಹೆಂಚಿನ ಚೂರಿನ ಹಾಗೆ ಪದರವಾಗಿ ಎದ್ದುಬರುತ್ತದೆ. ನಾಯಿ ನೋವು ತೋರಿಸಲ್ಲ. ಒಂದೇ ಕಡೆಯಲ್ಲಿ ಅಗಿಯುತ್ತದೆ, ಅಷ್ಟೇ. ಒಂದು ದಿನ ಕಣ್ಣಿನ ಕೆಳಗೆ ಊತ ಕಂಡಾಗ ಮನೆಯವರಿಗೆ ಗೊತ್ತಾಗುವುದು.

ಯಾವುದೇ ಸಾಮಾನು ತಂದರೂ ಎರಡು ಪರೀಕ್ಷೆ ಮಾಡಿ. ಉಗುರಿನಿಂದ ಒತ್ತಿ, ಗುರುತು ಬೀಳಬೇಕು. ಬೀಳದಿದ್ದರೆ ಮರಿಗೆ ಅದು ಗಟ್ಟಿ. ಆಮೇಲೆ, ಅದರಲ್ಲಿ ನಿಮ್ಮ ಮೊಣಕಾಲಿಗೆ ಹೊಡೆದುಕೊಳ್ಳುವ ಧೈರ್ಯ ಇದೆಯಾ ನೋಡಿ. ಇಲ್ಲದಿದ್ದರೆ ಮರಿಯ ಬಾಯಿಗೂ ಬೇಡ. ಅಳತೆಗೆ ಬಂದರೆ, ಬಾಯಿಯ ಅಗಲಕ್ಕಿಂತ ಉದ್ದ ಇರಬೇಕು. ಕಡಿದು ಕಡಿದು ನುಂಗುವಷ್ಟು ಸಣ್ಣದಾದ ತಕ್ಷಣ ಎತ್ತಿಟ್ಟುಬಿಡಿ. ಹೆಚ್ಚು ಮರಿಗಳು ಸಿಕ್ಕಿಹಾಕಿಕೊಳ್ಳುವುದು ಆ ಕೊನೆಯ ತುಂಡಿನಲ್ಲಿ.

---

ಕುಟ್ಟದ ಕಡೆಯವನು · ಆಗಸ್ಟ್ 24, ಮಧ್ಯಾಹ್ನ 1:20

ನನ್ನ ಅಭಿಪ್ರಾಯ ಬೇರೆ. ಬೇಯಿಸಿದ್ದು ಬೇಡ, ಒಪ್ಪಿದೆ. ಹಸಿ ಕೊಡಿ. ಹಸಿ ಕೋಳಿ ಕತ್ತು, ಕೋಳಿ ಕಾಲು. ಮೆತ್ತಗಿರುತ್ತೆ, ಪೂರ್ತಿ ಅಗಿದು ತಿನ್ನುತ್ತವೆ. ನಮ್ಮ ಮೂರು ನಾಯಿಗಳೂ ಅದನ್ನೇ ತಿನ್ನುವುದು, ಹಲ್ಲು ಬೆಳ್ಳಗೆ ಹೊಳೆಯುತ್ತಿದೆ. ಕಾಡಿನಲ್ಲಿ ಸೀಳುನಾಯಿಗೆ ಯಾರು ಬೇಯಿಸಿ ಕೊಡುತ್ತಾರೆ?

---

ನಿವೃತ್ತ ಪಶುವೈದ್ಯ (ಕುಶಾಲನಗರ) · ಆಗಸ್ಟ್ 24, ಮಧ್ಯಾಹ್ನ 3:00

ಸೀಳುನಾಯಿ ಮಕ್ಕಳ ಮುಖ ನೆಕ್ಕುವುದಿಲ್ಲವಲ್ಲ.

ಹಸಿ ಕೋಳಿ ಕತ್ತು ಮೆತ್ತಗಿರುತ್ತದೆ ಅನ್ನುವುದು ಸರಿ. ಆದರೆ ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್ ಇರುವುದು ಸಾಮಾನ್ಯ. ದೊಡ್ಡ ನಾಯಿ ತಡೆದುಕೊಳ್ಳಬಹುದು. ಮರಿಗೆ ಭೇದಿ ಹತ್ತಿದರೆ ಒಂದೇ ದಿನದಲ್ಲಿ ನೀರಿಳಿದು ಸೊರಗಿ ಹೋಗುತ್ತದೆ. ಫ್ರೀಜರಿನಲ್ಲಿ ಇಟ್ಟರೂ ಈ ರೋಗಾಣುಗಳು ಪೂರ್ತಿ ಸಾಯುವುದಿಲ್ಲ, ಉಳಿದವು ಸುಮ್ಮನೆ ಕಾಯುತ್ತಿರುತ್ತವೆ. ಇನ್ನು ನಮ್ಮ ಕಡೆ ಆಗಸ್ಟಿನಲ್ಲಿ ಕರೆಂಟಿನ ಪಾಡು ನಿಮಗೇ ಗೊತ್ತು. ಮರ ಬಿದ್ದರೆ ಎರಡು ದಿನ ಕತ್ತಲು. ಕರಗಿ, ಮತ್ತೆ ಗಟ್ಟಿಯಾಗಿ, ಮತ್ತೆ ಕರಗಿದ ಕೋಳಿ ಕತ್ತನ್ನು ನಾನಂತೂ ಯಾವ ಮರಿಗೂ ಕೊಡುವುದಿಲ್ಲ.

ಕುರಿ, ಆಡು, ಹಂದಿಯ ಹಸಿ ಈಲಿ, ಶ್ವಾಸಕೋಶ ಮಾತ್ರ ಯಾವ ವಯಸ್ಸಿನ ನಾಯಿಗೂ ಬೇಡ. ಅವುಗಳಲ್ಲಿ ನೀರು ತುಂಬಿದ ಗಂಟು ಇರಬಹುದು, ಹೈಡ್ಯಾಟಿಡ್ ಅನ್ನುತ್ತಾರೆ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರಿನ ಲಾಡಿಹುಳು ಬೆಳೆಯುತ್ತದೆ. ನಾಯಿಗೆ ಏನೂ ಆಗಲ್ಲ. ಅದರ ಹೇಲಿನಲ್ಲಿ ಬರುವ ಮೊಟ್ಟೆ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋದರೆ ಅದೇ ಗಂಟು ಮನುಷ್ಯನ ಈಲಿಯಲ್ಲಿ ಬೆಳೆಯುತ್ತದೆ. ಮನೆಯಲ್ಲಿ ಹಂದಿ ಕಡಿಯುವ ದಿನ ನಾಯಿಗಳನ್ನು ಮೊದಲು ಕಟ್ಟಿಹಾಕಿ. ಜಂತುಹುಳುವಿನ ಔಷಧಿ ತಪ್ಪಿಸಬೇಡಿ.

---

ಕುಟ್ಟದ ಕಡೆಯವನು · ಆಗಸ್ಟ್ 24, ಮಧ್ಯಾಹ್ನ 3:25

ಕರೆಂಟಿನ ಮಾತು ಒಪ್ಪಲೇಬೇಕು. ನಮ್ಮಲ್ಲಿ ಈಗ ಮೂವತ್ತು ಗಂಟೆ ಆಯಿತು, ಫೋನ್ ಕೂಡ ಜೀಪಿನಲ್ಲಿ ಚಾರ್ಜ್ ಮಾಡಿಕೊಂಡು ಬರೆಯುತ್ತಿದ್ದೇನೆ. ಆದರೂ ದೊಡ್ಡ ನಾಯಿಗಳಿಗೆ ಹಸಿ ಕತ್ತು ನಾನು ನಿಲ್ಲಿಸಲ್ಲ. ಮರಿಗೆ ಬೇಡ ಅಂದರೆ ಬೇಡ.

---

ಅಮ್ಮತ್ತಿ ಹುಡುಗ · ಆಗಸ್ಟ್ 24, ಸಂಜೆ 6:10

ಒಲೆ ಮೇಲೆ ಹೊಗೆಗೆ ತೂಗುಹಾಕಿದ ಹಂದಿ ಮೂಳೆ? ಅದು ಹಸಿಯೂ ಅಲ್ಲ, ಬೇಯಿಸಿದ್ದೂ ಅಲ್ಲ. ಜಾಣತನದ ಪ್ರಶ್ನೆ ಅಲ್ವಾ?

---

ನಿವೃತ್ತ ಪಶುವೈದ್ಯ (ಕುಶಾಲನಗರ) · ಆಗಸ್ಟ್ 24, ಸಂಜೆ 6:45

ಜಾಣತನದ್ದೇ. ಆದರೆ ಒಣಗಿದರೂ ಮೂಳೆ ಬಾಗುವ ಗುಣ ಕಳೆದುಕೊಳ್ಳುತ್ತದೆ, ಸೀಳುತ್ತದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿ ಮಾರುವ ಹೊಗೆ ಮೂಳೆಗಳೂ ಅಷ್ಟೇ. 2017ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಇಲಾಖೆ ಎಫ್‌ಡಿಎ ಇಂಥವುಗಳ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು. ನಾಯಿಗಳು ಸತ್ತ ದೂರುಗಳೂ ಅದರಲ್ಲಿ ಇದ್ದವು. ಒಣಗಿಸಿದ ಹಂದಿ ಕಿವಿ ಮೆತ್ತಗಿರುತ್ತದೆ, ಆದರೆ 2019ರಲ್ಲಿ ಅದನ್ನು ಮುಟ್ಟಿದ ಜನರಿಗೇ ಅಲ್ಲಿ ಸಾಲ್ಮೊನೆಲ್ಲ ಹರಡಿತ್ತು. ಕೊಟ್ಟರೆ ಕೈ ತೊಳೆಯಿರಿ.

---

ಮಂಜಿನೂರು (ಮಡಿಕೇರಿ) · ಆಗಸ್ಟ್ 24, ರಾತ್ರಿ 8:30

ಅಂಗಡಿ ಮೂಳೆ ಅಂದಾಗ ನೆನಪಾಯಿತು. ಬಿಳಿ ಬಣ್ಣದ, ಎರಡೂ ತುದಿಗೆ ಗಂಟು ಹಾಕಿದ 'ಮೂಳೆ' ಬರುತ್ತದಲ್ಲ, ರಾಹೈಡ್. ಎಲ್ಲ ಅಂಗಡಿಯಲ್ಲೂ ಮುಂದೆಯೇ ನೇತುಹಾಕಿರುತ್ತಾರೆ. ಅದು ಮೂಳೆ ಅಲ್ಲ, ದನದ ಚರ್ಮದ ಒಳಪದರ. ಸುಣ್ಣದಲ್ಲಿ ನೆನೆಸಿ, ಬಿಳಿ ಮಾಡಿ, ಸುತ್ತಿ ಒಣಗಿಸಿದ್ದು. ಒಂದು ತುಂಡನ್ನು ರಾತ್ರಿ ನೀರಿಗೆ ಹಾಕಿ ಬೆಳಿಗ್ಗೆ ನೋಡಿ. ನಾನು ನೋಡಿದ್ದೇನೆ. ಊದಿಕೊಂಡು, ಲೋಳೆಲೋಳೆಯಾಗಿ, ನೆನೆದ ಚಪ್ಪಲಿಯ ಹಾಗೆ ಆಗಿತ್ತು. ನುಂಗಿದ ತುಂಡು ಹೊಟ್ಟೆಯೊಳಗೂ ಹಾಗೇ ಆಗುತ್ತದೆ. ನಮ್ಮದು ಆ ಗಂಟು ನುಂಗಿ ಗಂಟಲಲ್ಲಿ ಸಿಕ್ಕಿಸಿಕೊಂಡಿತ್ತು. ನಾನೇ ಬೆರಳು ಹಾಕಿ ತೆಗೆದೆ. ಅದೃಷ್ಟ, ತುದಿ ಕೈಗೆ ಸಿಕ್ಕಿತು.

ಹಿಮಾಲಯದ ಕಡೆಯ ಚುರ್ಪಿ ಅಂತ ಹಾಲಿನ ಗಟ್ಟಿ ತುಂಡು ಬರುತ್ತದೆ. ವಾಸನೆ ಇಲ್ಲ, ಕಾರ್ಪೆಟ್ ಹಾಳಾಗಲ್ಲ. ದೊಡ್ಡ ನಾಯಿಗೆ ನನಗೆ ಇಷ್ಟ. ಆದರೆ ಡಾಕ್ಟರ ಉಗುರಿನ ಪರೀಕ್ಷೆಯಲ್ಲಿ ಅದು ಫೇಲು, ಕಲ್ಲು ಕಲ್ಲು. ರೋಬಿಗೆ ಹಲ್ಲು ಪೂರ್ತಿ ಬಂದ ಮೇಲೆ ನೋಡಿ, ಆಗಲೂ ಹುಷಾರಾಗಿ. ಉಳಿದ ಸಣ್ಣ ತುಂಡನ್ನು ಮೈಕ್ರೋವೇವಿನಲ್ಲಿ ಇಟ್ಟರೆ ಹಪ್ಪಳದ ಹಾಗೆ ಉಬ್ಬುತ್ತದೆ, ಆರಿದ ಮೇಲೆ ಕೊಟ್ಟರೆ ಕುರುಕುರು ತಿನ್ನುತ್ತದೆ.

---

ಅಮ್ಮತ್ತಿ ಹುಡುಗ · ಆಗಸ್ಟ್ 24, ರಾತ್ರಿ 8:52

ಅಣ್ಣಂದಿರೇ, ನಮ್ಮ ತೋಟದ ಅಂಚಿನಲ್ಲಿ ಉದುರಿದ ಜಿಂಕೆ ಕೊಂಬು ಸಿಕ್ಕಿದೆ. ಹೊರದೇಶದಲ್ಲಿ ನಾಯಿಗೆ ಇದನ್ನೇ ಕೊಡುತ್ತಾರಂತೆ, ತುಂಬಾ ಬಾಳಿಕೆ ಬರುತ್ತದಂತೆ.

---

ಕುಟ್ಟದ ಕಡೆಯವನು · ಆಗಸ್ಟ್ 24, ರಾತ್ರಿ 8:55

ಮುಟ್ಟಬೇಡ ಮಾರಾಯ! ಉದುರಿದ್ದೇ ಆಗಲಿ, ಮನೆಯಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸು. ಅರಣ್ಯ ಇಲಾಖೆಗೆ ಫೋನ್ ಮಾಡಿ ಹೇಳು. ಕೊಂಬು ಹಲ್ಲಿಗೂ ಕಲ್ಲೇ.

---

ಎರಡು ನಾಯಿ ಒಂದು ಬೆಕ್ಕು (ಸೋಮವಾರಪೇಟೆ) · ಆಗಸ್ಟ್ 25, ಬೆಳಿಗ್ಗೆ 7:40

ಇನ್ನೊಂದು ತಮಾಷೆ. ನಾಯಿಗೆ ಕಡಿಯೋಕೆ ಅಂತ 'ಕಾಫಿ ಮರದ ತುಂಡು' ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ. ಗೇಣುದ್ದ ಕಡ್ಡಿ, ಅದಕ್ಕೆ ಚೆಂದದ ಡಬ್ಬಿ. ನಾವು ಕಸಿ ಮಾಡಿ (ಗಿಡದ ಕೊಂಬೆ ಸವರಿ) ಒಲೆಗೆ ಹಾಕುವುದನ್ನೇ. ತೋಟದಿಂದ ಒಂದು ಕಡ್ಡಿ ಮುರಿದು ಕೊಟ್ಟರೆ ಆಗಲ್ವಾ?

---

ಹಳೇ ತೋಟಗಾರ (ಪೊನ್ನಂಪೇಟೆ) · ಆಗಸ್ಟ್ 25, ಬೆಳಿಗ್ಗೆ 8:30

ಇದು ನನಗೆ ಗೊತ್ತಿರುವ ವಿಷಯ, ಹೇಳುತ್ತೇನೆ.

ಹಾಗೆ ಮುರಿದು ಕೊಡಬೇಡಿ. ಈಗ ತೋಟದಲ್ಲಿ ಇರುವ ಪ್ರತಿ ಕಡ್ಡಿಯ ಮೇಲೂ ಬೋರ್ಡೋ ಹೊಡೆದಿರುತ್ತೇವೆ. ಮಳೆಗೆ ಮುಂಚೆ ಒಂದು ಸಲ, ಮಳೆ ನಡುವೆ ಬಿಡುವು ಸಿಕ್ಕಾಗ ಇನ್ನೊಂದು ಸಲ. ಮೈಲುತುತ್ತ ಮತ್ತು ಸುಣ್ಣ ಅದು, ನೀಲಿ ಕಲೆ ತೊಗಟೆ ಸಂದಿಯಲ್ಲಿ ಕಾಣುತ್ತದೆ. ಅರೇಬಿಕಾ ಆದರೆ ಕಾಂಡಕೊರಕಕ್ಕೆ ಹೊಡೆದ ಕೀಟನಾಶಕವೂ ಇರಬಹುದು. ನಾಯಿಗೆ ಅದು ಯಾಕೆ?

ಕಾಫಿ ಮರ ಒತ್ತು ಮರ, ನಿಜ. ಒಣಗಿದ ಮೇಲೆ ಸಿಲ್ವರ್ ಓಕಿನ ಹಾಗೆ ಸೀಳಲ್ಲ, ಪುಡಿಪುಡಿ ನಾರಾಗುತ್ತದೆ. ಮಾರುವವರು ತೊಗಟೆ ತೆಗೆದು, ಚೆನ್ನಾಗಿ ಒಣಗಿಸಿ, ಅಂಚು ಉಜ್ಜಿರುತ್ತಾರೆ. ನಮ್ಮ ಕಡೆ ಗಿಡ ಕಸಿ ಕುಯ್ಲು ಮುಗಿದ ಮೇಲೆ. ಆಗ ಔಷಧಿ ಹೊಡೆಯದ, ಮನೆ ಹಿತ್ತಲಿನ ಗಿಡದ ಹೆಬ್ಬೆರಳು ದಪ್ಪದ ಕೊಂಬೆ ತೆಗೆದು ತಿಂಗಳುಗಟ್ಟಲೆ ಒಣಗಿಸಬೇಕು. ಆದರೆ ಡಾಕ್ಟರು ಹೇಳಿದ ಉಗುರಿನ ಲೆಕ್ಕದಲ್ಲಿ ಅದೂ ಗಟ್ಟಿಯೇ. ಹಾಲುಹಲ್ಲಿಗೆ ಬೇಡ.

ಕಾಫಿ ಹಣ್ಣು, ಬೀಜ ಮರಿಗೆ ಸಿಗದ ಹಾಗೆ ನೋಡಿಕೊಳ್ಳಿ. ಕಣದಲ್ಲಿ ಒಣಗಲು ಹಾಕಿದಾಗ ನನ್ನದೊಂದು ಮರಿ ಮೂತಿ ತುಂಬಾ ತಿಂದು ರಾತ್ರಿಯೆಲ್ಲ ನಡುಗುತ್ತಾ ಓಡಾಡಿತ್ತು. ಕೆಫೀನ್. ಬಸವನಹುಳುವಿಗೆ ಇಡುವ ಗುಳಿಗೆ ಅದಕ್ಕಿಂತ ಅಪಾಯ, ನಾಯಿಗೆ ಅದು ತಿಂಡಿಯ ಹಾಗೆ ಕಾಣುತ್ತದೆ, ಫಿಟ್ಸ್ ಬಂದು ಸಾಯುತ್ತದೆ.

(ಎಕ್ಸ್‌ರೇ ಮಾತು ರಾತ್ರಿ ಯೋಚಿಸಿದೆ ಡಾಕ್ಟ್ರೇ. ಎರಡು ನಾಯಿ ನೆನಪಾದವು.)

---

ರೋಬಿ ಅಮ್ಮ (ಗೋಣಿಕೊಪ್ಪ) · ಆಗಸ್ಟ್ 25, ಮಧ್ಯಾಹ್ನ 12:15

ಬೇಡ, ಬೇಡ, ಬೇಡ. ಬೇಡದ ಪಟ್ಟಿ ನನಗೆ ಬಾಯಿಪಾಠ ಆಯಿತು. ಏನು ಕೊಡಬಹುದು ಅದನ್ನು ಯಾರಾದರೂ ಹೇಳಿ! ಬೈಂಬಳೆ (ಬಿದಿರು ಕಳಲೆ) ಸೀಸನ್, ಹಸಿ ಬೈಂಬಳೆ ಒಂದು ತುಂಡು ಕೊಡಲಾ? ಮೆತ್ತಗಿದೆ, ಉಗುರು ಇಳಿಯುತ್ತದೆ.

---

ನಿವೃತ್ತ ಪಶುವೈದ್ಯ (ಕುಶಾಲನಗರ) · ಆಗಸ್ಟ್ 25, ಮಧ್ಯಾಹ್ನ 2:00

ನಾವೇ ಅದನ್ನು ನೀರಿನಲ್ಲಿ ನೆನೆಹಾಕಿ, ನೀರು ಚೆಲ್ಲಿ, ಬೇಯಿಸಿ ತಿನ್ನುತ್ತೇವೆ. ಹಸಿ ಬಿದಿರು ಕಳಲೆಯಲ್ಲಿ ಸೈನೈಡ್ ಬಿಡುವ ಅಂಶ ಇದೆ. ಕ್ಷಮಿಸಿ, ಮತ್ತೊಂದು ಬೇಡ.

ಕೊಡುವಂಥದ್ದು ಹೇಳುತ್ತೇನೆ. ದಪ್ಪ ಕ್ಯಾರೆಟ್, ಇಡಿಯಾಗಿ, ತಣ್ಣಗೆ ಮಾಡಿ. ವಸಡಿಗೆ ತಂಪು, ಕಡಿಯೋಕೆ ಸದ್ದು, ನುಂಗಿದರೂ ತರಕಾರಿ. ಸಣ್ಣ ತುಂಡಾದಾಗ ಮಾತ್ರ ಎತ್ತಿಬಿಡಿ. ಹಳೇ ಹತ್ತಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ಹಗ್ಗದ ಹಾಗೆ ತಿರುಚಿ ಫ್ರೀಜರಿನಲ್ಲಿ ಇಟ್ಟು ಕೊಡಿ. ನೀವು ಎದುರು ಕೂತಿರುವಾಗ ಮಾತ್ರ, ಯಾಕೆಂದರೆ ನುಂಗಿದ ದಾರ ಕರುಳನ್ನು ನೆರಿಗೆ ಹಿಡಿದ ಹಾಗೆ ಮುದುಡಿಸುತ್ತದೆ. ಕಾಂಗ್ ಅಂತ ರಬ್ಬರಿನ ಗೊಂಬೆ ಸಿಗುತ್ತದೆ, ಒಳಗೆ ಟೊಳ್ಳು. ಮರಿಗಳಿಗೆ ಅಂತಲೇ ಮೆತ್ತನೆ ರಬ್ಬರಿನದು ಬೇರೆ ಇದೆ, ಅದನ್ನೇ ತನ್ನಿ. ಅದರಲ್ಲಿ ಮೊಸರನ್ನ ತುಂಬಿ. ಒಗ್ಗರಣೆ, ಉಪ್ಪು ಇಲ್ಲದ್ದು. ಕರೆಂಟ್ ಇದ್ದರೆ ಗಟ್ಟಿ ಮಾಡಿ, ಇಲ್ಲದಿದ್ದರೆ ಹಾಗೇ. ನೆಕ್ಕಿ ನೆಕ್ಕಿ ಮುಗಿಸುವಷ್ಟರಲ್ಲಿ ಸುಸ್ತಾಗಿ ಮಲಗುತ್ತಾನೆ. ಕಡಲೆಕಾಯಿ ಬೆಣ್ಣೆ ಹಚ್ಚುವುದಾದರೆ ಡಬ್ಬಿಯ ಮೇಲೆ ಓದಿ, ಕ್ಸೈಲಿಟಾಲ್ ಇದ್ದರೆ ಅದು ನಾಯಿಗೆ ವಿಷ.

ಇನ್ನು ಮಾವನ ವಿಷಯ. ಅವರು ಮೂಳೆ ಹಾಕುವುದು ಪ್ರೀತಿಯಿಂದ. ಊಟದ ಹೊತ್ತಿಗೆ ನಾಯಿ ಬಂದು ಮುಖ ನೋಡಿದರೆ ಏನೂ ಕೊಡದೆ ಇರಲು ಅವರಿಗೆ ಆಗಲ್ಲ. 'ಕೊಡಬೇಡಿ' ಅಂದರೆ ಕದ್ದು ಕೊಡುತ್ತಾರೆ. ಅವರ ಕೈಗೆ ಬೇರೆ ಏನಾದರೂ ಕೊಡಿ. ಮಸಾಲೆಗೆ ಹಾಕುವ ಮುಂಚೆ ನಾಲ್ಕು ಮೂಳೆ ತೆಗೆದು ಬರೀ ನೀರಿನಲ್ಲಿ ಕುದಿಸಿ. ಸೋಸಿ, ಆರಿಸಿ, ಮೇಲೆ ಕಟ್ಟಿದ ಕೊಬ್ಬು ತೆಗೆದರೆ ಒಳ್ಳೇ ಸೂಪು. ಮೂಳೆ ಮಣ್ಣಿಗೆ, ಸೂಪು ರೋಬಿಯ ಅನ್ನಕ್ಕೆ. ಅನ್ನ ಕಲಸುವ ಕೆಲಸ ಮಾವನದ್ದು ಅಂತ ಮಾಡಿ.

---

ಮಂಜಿನೂರು (ಮಡಿಕೇರಿ) · ಆಗಸ್ಟ್ 25, ಸಂಜೆ 5:30

ಬಾಯಿಗೆ ಹಾಕಿಕೊಂಡದ್ದನ್ನು ಓಡಿ ಹೋಗಿ ಕಿತ್ತುಕೊಳ್ಳಬೇಡಿ. ಕಿತ್ತುಕೊಳ್ಳುತ್ತಾರೆ ಅಂತ ಗೊತ್ತಾದರೆ ಬೇಗ ಬೇಗ ನುಂಗುವುದನ್ನು ಕಲಿಯುತ್ತದೆ, ಆಮೇಲೆ ಗುರ್ ಅನ್ನುವುದನ್ನೂ ಕಲಿಯುತ್ತದೆ. ಬೇಯಿಸಿದ ಮೊಟ್ಟೆ ಚೂರು ಮೂಗಿನ ಹತ್ತಿರ ಹಿಡಿಯಿರಿ, 'ಬಿಡು' ಅನ್ನಿ, ಬಿಟ್ಟ ಮೇಲೆ ಕೊಡಿ. ಈಗಿನಿಂದಲೇ ಗಂಬೂಟಿನ ಮೇಲೆ ಅಭ್ಯಾಸ ಮಾಡಿಸಿ, ಹಬ್ಬಕ್ಕೆ ಇನ್ನೂ ಒಂಬತ್ತು ದಿನ ಇದೆ.

ಇನ್ನೊಂದು. ಅವತ್ತು ಕೋವಿಗೆ ಸಿಕ್ಕಿಸುವ ತೋಕ್ ಪೂ (ಅಗ್ನಿಶಿಖೆ ಹೂ) ನೆಲಕ್ಕೆ ಬಿದ್ದರೆ ಕೂಡಲೇ ಎತ್ತಿ. ನೋಡಲು ಬೆಂಕಿಯ ಹಾಗೆ ಚೆಂದ, ಆದರೆ ಇಡೀ ಗಿಡ ವಿಷ, ಗಡ್ಡೆಯಂತೂ ಭಾರಿ ವಿಷ.

---

ರೋಬಿ ಅಮ್ಮ (ಗೋಣಿಕೊಪ್ಪ) · ಆಗಸ್ಟ್ 25, ರಾತ್ರಿ 9:20

ತೋಕ್ ಪೂ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಷ್ಟೆಲ್ಲ ಮಾಡಿಯೂ ಮೂಳೆ ನುಂಗಿಬಿಟ್ಟರೆ?

---

ನಿವೃತ್ತ ಪಶುವೈದ್ಯ (ಕುಶಾಲನಗರ) · ಆಗಸ್ಟ್ 26, ಬೆಳಿಗ್ಗೆ 6:20

ವಾಂತಿ ಮಾಡಿಸಬೇಡಿ. ಉಪ್ಪು ನೀರು, ಎಣ್ಣೆ ಏನೂ ಬೇಡ. ಕೆಳಗೆ ಇಳಿದ ಸಿಬಿರು ಮೇಲೆ ಬರುವಾಗ ಇನ್ನೊಮ್ಮೆ ಚುಚ್ಚುತ್ತದೆ. ಡಾಕ್ಟರಿಗೆ ಫೋನ್ ಮಾಡಿ, ಯಾವ ಮೂಳೆ, ಎಷ್ಟು ದೊಡ್ಡದು, ಎಷ್ಟು ಹೊತ್ತಾಯಿತು ಹೇಳಿ. ಸಣ್ಣ ಚೂರಾದರೆ ಹೊಟ್ಟೆಯ ಆಮ್ಲವೇ ಕರಗಿಸುತ್ತದೆ, ಎರಡು ಮೂರು ದಿನ ಕಣ್ಣಿಟ್ಟಿರಿ. ಮತ್ತೆ ಮತ್ತೆ ವಾಂತಿ, ಊಟ ಬೇಡ ಅನ್ನುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ತಿಣುಕಿದರೂ ಕಕ್ಕ ಬಾರದೆ ಇರುವುದು, ಕಪ್ಪು ಟಾರಿನ ಹಾಗೆ ಅಥವಾ ರಕ್ತ ಬೆರೆತು ಬರುವುದು, ಇದರಲ್ಲಿ ಒಂದು ಕಂಡರೂ ಕಾಯಬೇಡಿ. ಜೊಲ್ಲು ಸುರಿಸುತ್ತಾ ಪದೇ ಪದೇ ನುಂಗುವ ಹಾಗೆ ಮಾಡಿದರೆ ಅನ್ನನಾಳದಲ್ಲಿ ಸಿಕ್ಕಿದೆ ಅಂತ. ಎಕ್ಸ್‌ರೇ ಇರುವ ಕಡೆಗೆ ನೇರ ಹೋಗಿ. ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಬಟ್ಟೆ, ರಬ್ಬರು ಅಷ್ಟು ಸುಲಭವಾಗಿ ಕಾಣಲ್ಲ. ಹಾಗಾಗಿ ಏನು ಕಾಣೆಯಾಗಿದೆ ಅಂತ ಮನೆಯಲ್ಲಿ ಹುಡುಕಿಕೊಂಡು ಹೋಗಿ.

ಉಸಿರೇ ಕಟ್ಟಿದರೆ ಬಾಯಿ ಅಗಲಿಸಿ ನಾಲಿಗೆ ಮುಂದೆ ಎಳೆದು ನೋಡಿ. ಕಂಡರೆ ಮಾತ್ರ ತೆಗೆಯಿರಿ. ಕಾಣದಿದ್ದರೆ ಹಿಂಗಾಲು ಎತ್ತಿ ಹಿಡಿದು, ಪಕ್ಕೆಲುಬು ಮುಗಿಯುವ ಕಡೆ ಹೊಟ್ಟೆಯನ್ನು ಒಳಗೂ ಮುಂದಕ್ಕೂ ಜೋರಾಗಿ ಒತ್ತಿ.

---

ರೋಬಿ ಅಮ್ಮ (ಗೋಣಿಕೊಪ್ಪ) · ಸೆಪ್ಟೆಂಬರ್ 4, ಬೆಳಿಗ್ಗೆ 10:05

ಹಬ್ಬ ಮುಗಿಯಿತು. ವರದಿ ಒಪ್ಪಿಸುತ್ತಿದ್ದೇನೆ.

ಸೂಪಿನ ಕೆಲಸ ಮಾವ ಎರಡೇ ದಿನದಲ್ಲಿ ಪೂರ್ತಿ ಕೈಗೆ ತೆಗೆದುಕೊಂಡರು. ಈಗ ನನಗೇ ಅಡುಗೆಮನೆಯಲ್ಲಿ ಬೈಸಿಕೊಳ್ಳುವ ಪರಿಸ್ಥಿತಿ, "ಕೊಬ್ಬು ಸರಿಯಾಗಿ ತೆಗೆದಿಲ್ಲ" ಅಂತ. ನಿನ್ನೆ ಮುಚ್ಚಳ ಇರುವ ಬಕೆಟ್ ಒಂದನ್ನು ತಮ್ಮ ಕುರ್ಚಿಯ ಪಕ್ಕ ಇಟ್ಟುಕೊಂಡು, ಕಡಂಬುಟ್ಟು ಬಡಿಸುವ ಮುಂಚೆಯೇ ಎಲ್ಲರಿಗೂ ಹೇಳಿದರು: "ಮೂಳೆ ಎಲ್ಲ ಇದಕ್ಕೆ. ಕೆಳಗೆ ಹಾಕಿದವರು ಎಕ್ಸ್‌ರೇ ದುಡ್ಡು ಕೊಡಬೇಕು."

ಆದರೂ ಒಂದು ಬಿತ್ತು. ಬೆಂಗಳೂರಿನಿಂದ ಬಂದಿದ್ದ ಅಳಿಯಂದಿರು, ಪಾಪ, ಅವರಿಗೆ ಗೊತ್ತಿರಲಿಲ್ಲ. ರೋಬಿ ಬಾಯಿಗೆ ಹಾಕಿಕೊಂಡು ಮೇಜಿನ ಕೆಳಗೆ ಮೂಲೆಗೆ ಹೋದ. ನಾನು ಓಡಲಿಲ್ಲ. ಮೊಟ್ಟೆ ಚೂರು ತಗೊಂಡು ನೆಲದ ಮೇಲೆ ಕೂತೆ. ಕೈ ನಡುಗುತ್ತಿತ್ತು. 'ಬಿಡು' ಅಂದೆ. ಅವನು ನನ್ನನ್ನು ನೋಡಿದ, ಮೊಟ್ಟೆ ನೋಡಿದ, ಮತ್ತೆ ನನ್ನನ್ನು ನೋಡಿದ. ಮೂಳೆ 'ಟಕ್' ಅಂತ ನೆಲಕ್ಕೆ ಬಿತ್ತು. ಇಪ್ಪತ್ತು ಜನ ಚಪ್ಪಾಳೆ ಹೊಡೆದರು, ಅವನು ಹೆದರಿ ಉಚ್ಚೆ ಹೊಯ್ದ.

ಇವತ್ತು ಬೆಳಿಗ್ಗೆ ಕ್ಯಾರೆಟ್ ಎತ್ತಿಡಲು ಹೋದರೆ ಅದರಲ್ಲಿ ಅಕ್ಕಿ ಕಾಳಿನಷ್ಟು ಬೆಳ್ಳಗೆ ಏನೋ ಸಿಕ್ಕಿಕೊಂಡಿತ್ತು. ಮೊದಲನೇ ಹಲ್ಲು! ಮಾವ ಅದನ್ನು ತೊಳೆದು ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ಇಟ್ಟಿದ್ದಾರೆ.

---

ಹಳೇ ತೋಟಗಾರ (ಪೊನ್ನಂಪೇಟೆ) · ಸೆಪ್ಟೆಂಬರ್ 4, ಬೆಳಿಗ್ಗೆ 10:40

ಒಳ್ಳೇದಾಯಿತು. ನಮ್ಮ ಹಿತ್ತಲಿನಲ್ಲಿ ಔಷಧಿ ಹೊಡೆಯದ ನಾಲ್ಕು ಹಳೇ ಗಿಡ ಇವೆ. ಈ ಸಲ ಕಸಿ ಮಾಡಿದಾಗ ಎರಡು ದಪ್ಪ ಕೊಂಬೆ ತೆಗೆದು ಒಣಗಲು ಇಡುತ್ತೇನೆ. ಅಷ್ಟರಲ್ಲಿ ಅವನಿಗೆ ಹಲ್ಲು ಪೂರ್ತಿ ಬಂದಿರುತ್ತದೆ. ಉಗುರಿನ ಪರೀಕ್ಷೆ ಡಾಕ್ಟರೇ ಬಂದು ಮಾಡಲಿ, ಕಾಫಿ ನಮ್ಮ ಮನೆಯಲ್ಲಿ.